ನಮ್ಮ ಹೆಸರಿಗೂ ಒಂದು ಆರ್ಡರು ಬರೆಯೋಣ



ಕ್ಯಾಟರಿಂಗ್ ಮಾಡುವವರ ಮನೆಯಲ್ಲಿ ದೇವರ ಪಟದ ನಂತರ ಅತ್ಯಂತ ಜೋಪಾನವಾಗಿ ಇಡುವ ವಸ್ತು ಯಾವುದೆಂದರೆ ಆರ್ಡರಿನ ಡೈರಿ. ಯಾರ ಮನೆಯ ಮದುವೆ, ಯಾರ ಮಗನ ಉಪನಯನ, ಎಷ್ಟು ಎಲೆ, ಬೆಳಗ್ಗೆ ಉಪ್ಪಿಟ್ಟೋ ಇಡ್ಲಿಯೋ, ಮಧ್ಯಾಹ್ನ ಸಿಹಿ ಎರಡೋ ಮೂರೋ, ಮುಂಗಡ ಎಷ್ಟು ಬಂತು, ಬಾಕಿ ಎಷ್ಟು ಉಳಿಯಿತು ಎಂಬುದೆಲ್ಲ ಅದರಲ್ಲಿರುತ್ತದೆ. ಈಗ ಮೊಬೈಲಿನಲ್ಲಿ ಬರೆದಿಡುವ ಹೊಸ ತಲೆಮಾರಿನವರೂ ನಮ್ಮಲ್ಲಿದ್ದಾರೆ. ಯಾವುದರಲ್ಲಿ ಬರೆದರೂ ಡೈರಿಯಲ್ಲಿ ಬಿದ್ದ ದಿನ ತಪ್ಪುವುದಿಲ್ಲ. ಮಳೆ ಬರಲಿ, ಲೋಕಲ್ ರೈಲು ನಿಲ್ಲಲಿ, ಬಡಿಸುವ ಹುಡುಗರಲ್ಲಿ ಅರ್ಧ ಜನ ಕೈಕೊಡಲಿ, ಮುಹೂರ್ತದ ಹೊತ್ತಿಗೆ ಎಲೆಯ ಮೇಲೆ ಅನ್ನ ಬೀಳಲೇಬೇಕು.

2017ರ ಮಾರ್ಚ್ ತಿಂಗಳ ಒಂದು ರಾತ್ರಿ ನಾವು ಹಳೆಯ ಹನ್ನೆರಡು ಡೈರಿಗಳನ್ನು ಮುಂದಿಟ್ಟುಕೊಂಡು ಕೂತಿದ್ದೆವು. ಹನ್ನೆರಡು ವರ್ಷಗಳಲ್ಲಿ ಊರವರ ಎಷ್ಟೋ ಶುಭಕಾರ್ಯಗಳ ದಿನಾಂಕ ಅವುಗಳಲ್ಲಿತ್ತು. ನಮ್ಮ ಮನೆಯ ಒಂದೇ ಒಂದು ಕೆಲಸದ ದಿನಾಂಕ ಇರಲಿಲ್ಲ. ಆ ರಾತ್ರಿ ಡೈರಿ ತೆಗೆಯುವ ಪ್ರಸಂಗ ಯಾಕೆ ಬಂತು ಎಂಬುದನ್ನು ಹೇಳಿದರೆ, ನಮ್ಮ ಹಾಗೆಯೇ ನಡೆಯುತ್ತಿರುವ ಬೇರೆ ಸದಸ್ಯರಿಗೂ ಉಪಯೋಗವಾದೀತೆಂದು ಈ ಲೇಖನ.

ಅಪ್ಪಯ್ಯನ ಕಣ್ಣು

ನಾವು ಅಣ್ಣ ತಮ್ಮ ಇಬ್ಬರು ಡೊಂಬಿವಲಿಯಲ್ಲಿ ಸಣ್ಣ ಪ್ರಮಾಣದ ಕ್ಯಾಟರಿಂಗ್ ನಡೆಸುತ್ತೇವೆ. ಐವತ್ತು ಎಲೆಯ ಸತ್ಯನಾರಾಯಣ ಪೂಜೆಯಿಂದ ನಾನೂರು ಎಲೆಯ ಮದುವೆಯವರೆಗೆ ನಮ್ಮ ಶಕ್ತಿ. ಅಡುಗೆಯ ಯಜಮಾನಿಕೆ ನಮ್ಮ ತಂದೆಯವರದು. ಕೋಟದ ಹತ್ತಿರದ ಹಳ್ಳಿಯಿಂದ ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿಗೆ ಬಂದು, ಮಾಟುಂಗಾದ ಹೋಟೆಲೊಂದರಲ್ಲಿ ಮೇಜು ಒರೆಸುವ ಕೆಲಸದಿಂದ ಮೇಲೆ ಬಂದವರು. ಸಾರು ಕುದಿಯುವ ಬಣ್ಣ ನೋಡಿಯೇ ಹುಳಿ ಸಾಲದು ಎನ್ನುವವರು.

2014ರ ದೀಪಾವಳಿಯ ಹೊತ್ತಿಗೆ ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದು ಡಾಕ್ಟರು ಹೇಳಿದರು. ಶಸ್ತ್ರಚಿಕಿತ್ಸೆ ದೊಡ್ಡದೇನಲ್ಲ, ಅದೇ ದಿನ ಮನೆಗೆ ಹೋಗಬಹುದು. ಆದರೆ ಒಂದು ಕಣ್ಣಿಗೆ ಒಂದು ತಿಂಗಳಂತೆ ಹೊಗೆ, ಹಬೆ, ಎಣ್ಣೆ ಸಿಡಿಯುವ ಜಾಗದಿಂದ ದೂರ ಇರಬೇಕು, ಭಾರ ಎತ್ತಬಾರದು ಎಂದರು. ಹಣ ನಮ್ಮಲ್ಲಿತ್ತು. ಇಲ್ಲದೇ ಇದ್ದದ್ದು ಆ ಒಂದು ತಿಂಗಳು.

“ಈ ಸೀಜನ್ ಮುಗಿಲಿ, ಕಾಂಬ,” ಎಂದರು ಅಪ್ಪಯ್ಯ. ನಾವೂ ಕಾಂಬ ಎಂದೆವು.

‘ಕಾಂಬ’ ಎಂದರೆ ನಮ್ಮ ಕುಂದಾಪುರ ಕಡೆಯ ಮಾತಿನಲ್ಲಿ ‘ನೋಡೋಣ’. ಸೀಜನ್ ಮುಗಿಯಿತು, ಮಳೆಗಾಲದಲ್ಲಿ ಮಕ್ಕಳ ಶಾಲೆ ಫೀಸಿಗೆಂದು ಸಿಕ್ಕಿದ ಸಣ್ಣ ಆರ್ಡರುಗಳನ್ನೂ ಬಿಡಲಿಲ್ಲ. ಗಣೇಶ ಚತುರ್ಥಿ ಬಂತು, ನವರಾತ್ರಿ ಬಂತು, ದೀಪಾವಳಿಯ ಸಿಹಿ ತಿಂಡಿಯ ಆರ್ಡರು ಬಂತು, ತುಳಸಿ ವಿವಾಹ ಆದ ಕೂಡಲೇ ಮತ್ತೆ ಮದುವೆ. 2015 ಹೀಗೆ ಹೋಯಿತು. 2016 ಕೂಡ ಹಾಗೆಯೇ. ಆ ವರ್ಷ ನವೆಂಬರ್ 8ರಂದು ನೋಟು ರದ್ದಾದಾಗ ‘ಈಗಂತೂ ಸಾಧ್ಯವೇ ಇಲ್ಲ’ ಎಂದೆವು. ಪ್ರತಿ ಸಲವೂ ಕಾರಣ ನಿಜವಾದದ್ದೇ. ಸುಳ್ಳು ನೆಪ ನಾವು ಒಂದೂ ಹೇಳಲಿಲ್ಲ. ಹಾಗಿದ್ದೂ ಎರಡೂವರೆ ವರ್ಷ ಕಳೆಯಿತು.

2017ರ ಫೆಬ್ರವರಿಯಲ್ಲಿ ಕಲ್ಯಾಣದಲ್ಲಿ ಒಂದು ಮದುವೆ. ಮೊದಲ ಪಂಕ್ತಿ ಕೂತಿತ್ತು. ಅಪ್ಪಯ್ಯ ಕೊಪ್ಪರಿಗೆಯಿಂದ ಸಾರನ್ನು ಬಕೆಟಿಗೆ ತುಂಬಿಸುತ್ತಿದ್ದರು. ಬಕೆಟು ಅವರು ಎಣಿಸಿದ ಜಾಗದಲ್ಲಿರಲಿಲ್ಲ, ಒಂದು ಗೇಣು ಆಚೆ ಇತ್ತು. ಕುದಿಯುವ ಸಾರು ಬಲಗಾಲಿನ ಮೇಲೆ ಬಿತ್ತು.

ಹೊರಗೆ ಊಟ ನಿಲ್ಲಲಿಲ್ಲ. ಎರಡನೆಯ ಪಂಕ್ತಿಯೂ ಆಯಿತು. ಸಂಜೆ ಯಜಮಾನರು “ಸಾರು ಬಹಳ ಚೆನ್ನಾಗಿತ್ತು” ಎಂದು ಬೆನ್ನು ತಟ್ಟಿ ಬಾಕಿ ಹಣ ಕೊಟ್ಟರು. ಆ ಹೊತ್ತಿಗೆ ಅಪ್ಪಯ್ಯ ಆಸ್ಪತ್ರೆಯಲ್ಲಿದ್ದರು.

ಏಳು ವಾರ ಅವರು ಮನೆಯಲ್ಲಿ ಕಾಲು ಮೇಲಿಟ್ಟುಕೊಂಡು ಕೂತರು. ತುಂಬಿದ ಸೀಜನ್ನಿನಲ್ಲಿ ಹೊರಗಿನ ಅಡುಗೆಯವರನ್ನು ದುಬಾರಿ ಸಂಬಳಕ್ಕೆ ಕರೆದು ಹೇಗೋ ದಾಟಿಸಿದೆವು. ಒಂದು ತಿಂಗಳು ಕೊಡಲಾಗದು ಎಂದವರು ಏಳು ವಾರ ಕೊಟ್ಟಂತಾಯಿತು. ಅಪ್ಪಯ್ಯ ಬೈಯಲಿಲ್ಲ. “ಕಣ್ಣಿಗೆ ಪುರುಸೊತ್ತಿಲ್ಲ ಅಂದ್ರಿ, ಕಾಲಿಗೆ ಪುರುಸೊತ್ತಾಯ್ತಲ್ಲ” ಎಂದು ನಕ್ಕರು ಅಷ್ಟೆ. ನಾವು ಡೈರಿಗಳನ್ನು ತೆಗೆದದ್ದು ಅಂದು ರಾತ್ರಿ.

ಬಾಯಿಮಾತಿನ ಆರ್ಡರು

“ಡಿಸೆಂಬರಿನಲ್ಲಿ ನಮ್ಮಲ್ಲಿ ಏನೋ ಒಂದು ಕಾರ್ಯಕ್ರಮ ಇದೆ, ನಿಮಗೇ ಹೇಳ್ತೇವೆ” ಎಂದು ಯಾರಾದರೂ ಮಾರ್ಕೆಟಿನಲ್ಲಿ ಸಿಕ್ಕಾಗ ಹೇಳಿದರೆ ನಾವು ವಾಶಿಗೆ ಹೋಗಿ ಅಕ್ಕಿ ತರುವುದಿಲ್ಲ. ನಕ್ಕು ತಲೆಯಾಡಿಸಿ ಬರುತ್ತೇವೆ. ದಿನ ಗೊತ್ತಿಲ್ಲದ, ಎಲೆ ಲೆಕ್ಕ ಇಲ್ಲದ, ಮುಂಗಡ ಬಾರದ ಆರ್ಡರು ಆರ್ಡರಲ್ಲ ಎಂಬುದು ಈ ದಂಧೆಯ ಮೊದಲ ಪಾಠ.

ಆದರೆ ನಮ್ಮ ಸ್ವಂತ ಬದುಕಿನ ಗುರಿಗಳನ್ನು ನೋಡಿ. ‘ಸಾಲ ತೀರಿಸಬೇಕು’, ‘ಸಕ್ಕರೆ ಕಾಯಿಲೆಗೆ ಸರಿಯಾಗಿ ಔಷಧಿ ಮಾಡಬೇಕು’, ‘ಊರಿನ ಮನೆಯ ಮಾಡು ಸರಿ ಮಾಡಿಸಬೇಕು’, ‘ಮಗಳ ಹತ್ತನೇ ತರಗತಿಯ ವರ್ಷ ಮನೆಯಲ್ಲಿರಬೇಕು’. ಇವೆಲ್ಲ ಮಾರ್ಕೆಟಿನಲ್ಲಿ ಸಿಕ್ಕವನ ಮಾತಿನಂತೆಯೇ ಇವೆ. ಬೇರೆಯವರ ಆರ್ಡರು ಬರಹದಲ್ಲಿ, ನಮ್ಮದು ಬಾಯಿಮಾತಿನಲ್ಲಿ. ಎರಡೂ ಒಂದೇ ದಿನ ಎದುರಾದರೆ ಯಾವುದು ಗೆಲ್ಲುತ್ತದೆ ಎಂದು ಹೇಳಬೇಕಾಗಿಲ್ಲ. ನಮ್ಮಲ್ಲಿ ನಿಷ್ಠೆ ಕಡಿಮೆ ಎಂದಲ್ಲ. ಕೊಟ್ಟ ಮಾತಿಗೆ ತಪ್ಪದ ಜನ ನಾವು. ನಮಗೆ ನಾವೇ ಮಾತು ಕೊಡುವ ಕ್ರಮ ಮಾತ್ರ ಗೊತ್ತಿರಲಿಲ್ಲ.

ಹಾಗಾಗಿ ಗ್ರಾಹಕರಿಗೆ ಕೇಳುವ ನಾಲ್ಕು ಪ್ರಶ್ನೆಗಳನ್ನು ಅಂದು ರಾತ್ರಿ ನಮಗೇ ಕೇಳಿಕೊಂಡೆವು. ಯಾವ ದಿನ? ಎಷ್ಟು ಎಲೆ? ಮೆನು ಏನು? ಮುಂಗಡ ಎಲ್ಲಿ?

ದಿನ: 2017ರ ಜುಲೈ 5, ಬುಧವಾರ, ಆಷಾಢ ಏಕಾದಶಿಯ ಮರುದಿನ. ಅಂದಿನಿಂದ ಚಾತುರ್ಮಾಸ, ಮದುವೆಗಳು ಇರುವುದಿಲ್ಲ. ಎಲೆ ಲೆಕ್ಕ, ಅಂದರೆ ಕೆಲಸದ ಅಳತೆ: ಎರಡೂ ಕಣ್ಣು, ಒಟ್ಟು ಎರಡು ತಿಂಗಳು ಒಲೆಯ ಹತ್ತಿರ ಅಪ್ಪಯ್ಯ ಇಲ್ಲ. ಮುಂಗಡ: ಮರುದಿನವೇ ಆಸ್ಪತ್ರೆಗೆ ಹೋಗಿ ದಿನ ಗೊತ್ತು ಮಾಡಿ, ಹಣದ ಒಂದು ಭಾಗ ಕಟ್ಟಿ ರಸೀದಿ ತಂದು ಡೈರಿಯ ಆ ಪುಟಕ್ಕೆ ಅಂಟಿಸಿದೆವು.

ಕಷ್ಟವಾದದ್ದು ಮೆನು. ಅಂದರೆ ಆ ದಿನಕ್ಕೆ ಮುಂಚೆ ಏನೇನು ತಯಾರಾಗಬೇಕು ಎಂಬ ಪಟ್ಟಿ. ಅದನ್ನು ಬರೆಯುವಾಗಲೇ ನಮ್ಮ ನಿಜವಾದ ತೊಂದರೆ ಏನೆಂದು ಗೊತ್ತಾಯಿತು. ಅಪ್ಪಯ್ಯ ಇಲ್ಲದೆ ನಮ್ಮ ಅಡುಗೆಮನೆ ನಡೆಯುತ್ತಿರಲಿಲ್ಲ. ಆರು ವರ್ಷದಿಂದ ನಮ್ಮಲ್ಲಿರುವ ಸಹಾಯಕ ಹುಡುಗ ತರಕಾರಿ ಹೆಚ್ಚುವುದರಿಂದ ಒಗ್ಗರಣೆಯವರೆಗೆ ಎಲ್ಲ ಮಾಡುತ್ತಿದ್ದ, ಆದರೆ ಒಂದು ದಿನವೂ ಸ್ವಂತ ಕೈಯಿಂದ ಉಪ್ಪು ಹಾಕಿರಲಿಲ್ಲ. ಹಾಕಲು ಯಾರೂ ಬಿಟ್ಟಿರಲಿಲ್ಲ.

ಅಪ್ಪಯ್ಯ ಕುರ್ಚಿಯಲ್ಲಿ ಕೂತು, ಕಾಲು ಸ್ಟೂಲಿನ ಮೇಲಿಟ್ಟು, ಒಂದೊಂದೇ ಅಡುಗೆ ಹೇಳತೊಡಗಿದರು. “ಕೊತ್ತಂಬರಿ ಇಷ್ಟು” ಎಂದು ಮುಷ್ಟಿ ತೋರಿಸಿದರೆ ಆ ಮುಷ್ಟಿಯನ್ನು ತಕ್ಕಡಿಗೆ ಹಾಕಿ ಗ್ರಾಮಿನಲ್ಲಿ ಬರೆದೆವು. ಅವರಿಗೆ ಮೊದಮೊದಲು ಸಿಟ್ಟು ಬಂತು. ಅಡುಗೆಯನ್ನು ತಕ್ಕಡಿಯಲ್ಲಿ ತೂಗಿ ಮಾಡಿದವರುಂಟೇ ಎಂದರು. ಆಮೇಲೆ ಅವರಿಗೇ ರುಚಿ ಹತ್ತಿತು. ಮೂರು ತಿಂಗಳಲ್ಲಿ ನೂರು ಎಲೆಯ ಲೆಕ್ಕಕ್ಕೆ ಮೂವತ್ತನಾಲ್ಕು ಬಗೆ ನೋಟುಬುಕ್ಕಿಗೆ ಬಂದವು. ಹುಡುಗ ಮೊದಲು ಇಪ್ಪತ್ತೈದು ಎಲೆಗೆ ಸಾರು ಮಾಡಿದ, ನಂತರ ಐವತ್ತಕ್ಕೆ, ಜೂನಿನಲ್ಲಿ ನೂರೈವತ್ತು ಎಲೆಯ ಒಂದು ಉಪನಯನವನ್ನು ಪೂರ್ತಿ ಅವನೇ ನಿಭಾಯಿಸಿದ.

ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಕಾರಣವಿದೆ. ಸಣ್ಣ ಉದ್ದಿಮೆದಾರನ ಸ್ವಂತ ಗುರಿ ಏನೇ ಇರಲಿ, ಅದು ಈಡೇರದೆ ಉಳಿಯುವುದು ಹೆಚ್ಚಾಗಿ ದುಡ್ಡಿನಿಂದಲ್ಲ, ‘ನಾನಿಲ್ಲದಿದ್ದರೆ ನಡೆಯುವುದಿಲ್ಲ’ ಎಂಬ ಸ್ಥಿತಿಯಿಂದ. ಈ ಸ್ಥಿತಿಯ ಬಗ್ಗೆ ನಮಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇರುತ್ತದೆ.

ಪರೀಕ್ಷೆ ಬಂದೇ ಬರುತ್ತದೆ

ಡೈರಿಯಲ್ಲಿ ಬರೆದ ಕೂಡಲೇ ಎಲ್ಲ ಸುಸೂತ್ರವಾಗಿ ನಡೆಯಿತೆಂದು ತಿಳಿಯಬೇಡಿ. ಜುಲೈ 1ರಿಂದ ಜಿಎಸ್‌ಟಿ ಜಾರಿಗೆ ಬಂತು. ಬಿಲ್ಲು ಹೇಗೆ ಬರೆಯಬೇಕು, ಯಾವ ದರ ಹಾಕಬೇಕು ಎಂದು ಲೆಕ್ಕಪತ್ರ ನೋಡುವವರಿಗೂ ಸ್ಪಷ್ಟವಿರಲಿಲ್ಲ. ಅದೇ ವಾರ ಒಂದು ಕಚೇರಿಯಿಂದ ಫೋನ್ ಬಂತು. ಜುಲೈ 5ರಿಂದ ಮೂರು ದಿನ, ದಿನಕ್ಕೆ ನಾನೂರು ಊಟದ ಡಬ್ಬಿ, ಒಳ್ಳೆಯ ದರ. ಮಳೆಗಾಲದಲ್ಲಿ ಅಂಥ ಆರ್ಡರು ನಮ್ಮಂಥವರಿಗೆ ವರ್ಷಕ್ಕೊಮ್ಮೆ ಸಿಕ್ಕಿದರೆ ಹೆಚ್ಚು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಒಂದು ವಾರ ಮುಂದೆ ಹಾಕಿದರೆ ಏನಾಗುತ್ತದೆ ಎಂಬ ಮಾತು ನಾಲಿಗೆ ತುದಿಯವರೆಗೆ ಬಂದಿತ್ತು. ಡೈರಿ ತೆಗೆದರೆ ಆ ಪುಟದಲ್ಲಿ ರಸೀದಿ ಅಂಟಿಸಿತ್ತು. ಬೇರೆ ಗ್ರಾಹಕರ ಮುಂಗಡ ಪಡೆದ ದಿನಕ್ಕೆ ಇನ್ನೊಂದು ಆರ್ಡರು ಬಂದರೆ ಏನು ಮಾಡುತ್ತೇವೋ ಅದನ್ನೇ ಮಾಡಿದೆವು. “ಆ ದಿನ ಬುಕ್ಕಾಗಿದೆ” ಎಂದು ಹೇಳಿ ನಮ್ಮ ಸಂಘದ ಇನ್ನೊಬ್ಬ ಸದಸ್ಯರ ನಂಬರು ಕೊಟ್ಟೆವು. ಆ ಕಚೇರಿಯವರು ಮತ್ತೆ ನಮ್ಮಲ್ಲಿಗೆ ಬರಲಿಲ್ಲ, ಇವತ್ತಿಗೂ ಆ ಮಿತ್ರರಿಂದಲೇ ಊಟ ತರಿಸುತ್ತಾರೆ. ನಷ್ಟವಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಅಪ್ಪಯ್ಯನ ಬಲಗಣ್ಣು ಗೊತ್ತುಪಡಿಸಿದ ದಿನವೇ ಆಯಿತು, ಐದು ವಾರದ ನಂತರ ಎಡಗಣ್ಣು. ಗಣೇಶ ಚತುರ್ಥಿ ಕಳೆದು ಮೊದಲ ಬಾರಿ ಅಡುಗೆಮನೆಗೆ ಬಂದವರು ಬಾಗಿಲಲ್ಲೇ ನಿಂತು, “ಎಂತದಾ ಇದು, ಕೊಪ್ಪರಿಗೆ ಇಷ್ಟ್ ಕಪ್ಪ್! ತೊಳುಕೆ ಯಾರೂ ಇಲ್ಯಾ?” ಎಂದು ಗದರಿದರು. ಎರಡು ವರ್ಷದಿಂದ ಅದು ಹಾಗೆಯೇ ಕಪ್ಪಾಗಿತ್ತು. ಆ ಬೈಗುಳ ಕೇಳಿ ನಮಗಾದಷ್ಟು ಸಂತೋಷ ಯಾವ ಗ್ರಾಹಕರ ಹೊಗಳಿಕೆಯಿಂದಲೂ ಆಗಿಲ್ಲ.

ದಿನ ಎಲ್ಲಿ ಹುಡುಕುವುದು?

ಪುರುಸೊತ್ತಿಲ್ಲ ಎನ್ನುವ ನಮಗೆ ಪಂಚಾಂಗವೇ ಪುರುಸೊತ್ತು ಕೊಟ್ಟಿದೆ. ಬೇರೆ ಯಾವ ದಂಧೆಯವರಿಗೂ ಈ ಅನುಕೂಲ ಇಷ್ಟು ಸ್ಪಷ್ಟವಾಗಿಲ್ಲ. ಮಹಾರಾಷ್ಟ್ರದಲ್ಲಿ ಆಷಾಢ ಏಕಾದಶಿಯಿಂದ ತುಳಸಿ ವಿವಾಹದವರೆಗೆ ಮದುವೆ ಕಡಿಮೆ. ನಮ್ಮ ಕರಾವಳಿಯವರಿಗೆ ಆಟಿ ತಿಂಗಳು, ಚೆನ್ನೈ ಸದಸ್ಯರಿಗೆ ಆಡಿ ಮತ್ತು ಮಾರ್ಗಳಿ, ಹೈದರಾಬಾದಿನವರಿಗೆ ಆಷಾಢ ಮತ್ತು ಗುರು ಶುಕ್ರರ ಮೌಢ್ಯದ ದಿನಗಳು, ದೆಹಲಿಯವರಿಗೆ ಚಾತುರ್ಮಾಸದ ಜೊತೆಗೆ ಖರ್ಮಾಸ. ಎಲ್ಲರಿಗೂ ಪಿತೃಪಕ್ಷದ ಹದಿನೈದು ದಿನ ಶುಭಕಾರ್ಯವಿಲ್ಲ. ಶ್ರಾದ್ಧದ ಅಡುಗೆ ಒಪ್ಪಿಕೊಳ್ಳುವವರಿಗೆ ಮಾತ್ರ ಆಗಲೂ ಬಿಡುವಿಲ್ಲ. ಅಧಿಕ ಮಾಸ ಬಂದ ವರ್ಷ ಇನ್ನೂ ಒಂದು ತಿಂಗಳು ಖಾಲಿ. 2023ರಲ್ಲಿ ಅಧಿಕ ಶ್ರಾವಣ ಬಂದು ಚಾತುರ್ಮಾಸವೇ ಐದು ತಿಂಗಳಾಗಿದ್ದು ನೆನಪಿರಬಹುದು.

ಈ ಖಾಲಿ ದಿನಗಳನ್ನು ನಾವು ‘ದಂಧೆ ಇಲ್ಲದ ದಿನ’ ಎಂದು ಚಿಂತೆಯಲ್ಲಿ ಕಳೆಯುತ್ತೇವೆ, ಇಲ್ಲವೇ ಸಿಕ್ಕಿದ ಬೆಲೆಗೆ ಸಿಕ್ಕಿದ ಆರ್ಡರು ಹಿಡಿಯುತ್ತೇವೆ. ಯುಗಾದಿಗೆ ಹೊಸ ಪಂಚಾಂಗ ಕೈಗೆ ಬಂದ ದಿನವೇ ಮುಹೂರ್ತದ ದಿನಗಳಿಗೆ ಗುರುತು ಹಾಕುವಾಗ, ಮುಹೂರ್ತವಿಲ್ಲದ ದಿನಗಳಲ್ಲಿ ಒಂದನ್ನು ನಮ್ಮ ಹೆಸರಿಗೆ ಬುಕ್ ಮಾಡಿಬಿಡುವುದು ಒಳ್ಳೆಯದು. ವರ್ಷಕ್ಕೆ ಒಂದೇ ದೊಡ್ಡ ಗುರಿ ಸಾಕು. ಒಬ್ಬನೇ ಅಡುಗೆಯವನು ಮೂರು ಒಲೆಗೆ ನಿಂತರೆ ಒಂದಾದರೂ ಅಡಿ ಹಿಡಿಯುತ್ತದೆ ಎಂಬುದು ನಮಗೆ ಗೊತ್ತಿದ್ದದ್ದೇ.

ಎಲೆಗೆ ಐದು ರೂಪಾಯಿ

ಹಣ ಬೇಕಾದ ಗುರಿಗೆ ಮುಂಗಡ ಹೊಂದಿಸುವುದು ಹೇಗೆ? ವರ್ಷದ ಕೊನೆಗೆ ಉಳಿದದ್ದನ್ನು ತೆಗೆದಿಡುತ್ತೇವೆಂದರೆ ಏನೂ ಉಳಿಯುವುದಿಲ್ಲ. ನಮ್ಮ ಲೆಕ್ಕವೆಲ್ಲ ಎಲೆಯ ಮೇಲೆ ನಡೆಯುವುದರಿಂದ ಉಳಿತಾಯವನ್ನೂ ಎಲೆಯ ಮೇಲೆ ಹಾಕಿದೆವು. 2018ರಿಂದ ಪ್ರತಿ ಎಲೆಗೆ ಐದು ರೂಪಾಯಿ. ಮುನ್ನೂರು ಎಲೆಯ ಊಟವಾದರೆ ಸಾವಿರದ ಐನೂರು ಅಂದೇ ಬೇರೆ ಖಾತೆಗೆ. ಐವತ್ತು ಎಲೆಯಾದರೆ ಇನ್ನೂರೈವತ್ತು. ನಮ್ಮದು ವರ್ಷಕ್ಕೆ ಸುಮಾರು ಹನ್ನೆರಡು ಸಾವಿರ ಎಲೆ. ಅಂದರೆ ಅರವತ್ತು ಸಾವಿರ ರೂಪಾಯಿ. ಬಾಳೆಎಲೆ, ದೊನ್ನೆ, ಗ್ಯಾಸು ಇದ್ದ ಹಾಗೆ ಅದೂ ಖರ್ಚಿನ ಪಟ್ಟಿಯಲ್ಲಿ ಒಂದು ಸಾಲು. ದರ ಹೇಳುವಾಗಲೇ ಅದು ಸೇರಿರುತ್ತದೆ.

ಈ ಬುದ್ಧಿ ನಮ್ಮದಲ್ಲ, ನಮ್ಮ ಜಿಲ್ಲೆಯದೇ. ಉಡುಪಿಯಲ್ಲಿ 1925ರಲ್ಲಿ ಆರಂಭವಾದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಅಂದರೆ ಮುಂದಿನ ಸಿಂಡಿಕೇಟ್ ಬ್ಯಾಂಕು, 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತ, ಏಜೆಂಟರು ಮನೆ ಬಾಗಿಲಿಗೇ ಬಂದು ಪಡೆದುಕೊಳ್ಳುವ ಕ್ರಮ. ನಮ್ಮ ಅಜ್ಜಿ ಹಾಲು ಮಾರಿದ ದುಡ್ಡಿನಲ್ಲಿ ಪಿಗ್ಮಿ ಕಟ್ಟಿ ಇಬ್ಬರು ಅತ್ತೆಯರ ಮದುವೆ ಮಾಡಿಸಿದವರು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ದಿನದ ಗಳಿಕೆಯಲ್ಲಿ ದಿನವೇ ಸ್ವಲ್ಪ ತೆಗೆದಿಡುವ ಆ ಕ್ರಮ ನಮ್ಮಂಥವರಿಗೆ ಹೇಳಿ ಮಾಡಿಸಿದಂತಿದೆ.

ಕೇಳುವವರು ಒಬ್ಬರಿರಲಿ

ಪಿಗ್ಮಿಯಲ್ಲಿ ಇನ್ನೊಂದು ಗುಟ್ಟಿದೆ. ಮೊತ್ತ ಸಣ್ಣದಿತ್ತು ಎಂಬುದಷ್ಟೇ ಅಲ್ಲ, ಏಜೆಂಟರು ದಿನವೂ ಅಂಗಳಕ್ಕೆ ಬಂದು ನಿಲ್ಲುತ್ತಿದ್ದರು. ಅಜ್ಜಿಗೆ ‘ಇವತ್ತು ಇಲ್ಲ’ ಎನ್ನಲು ನಾಚಿಕೆಯಾಗುತ್ತಿತ್ತು.

ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಕಥೆಯೂ ಇದೇ. ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದ, ಮೇಜು ಒರೆಸಿದ ಹುಡುಗರು ಸಂಜೆ ಆ ಶಾಲೆಗಳಲ್ಲಿ ಕೂತು ಮೆಟ್ರಿಕ್ ಮಾಡಿಕೊಂಡು, ಮುಂದೆ ವಕೀಲರೂ ಬ್ಯಾಂಕ್ ಅಧಿಕಾರಿಗಳೂ ಹೋಟೆಲು ಮಾಲೀಕರೂ ಆದರು. ಓದಬೇಕೆಂಬ ಆಸೆ ಎಲ್ಲ ಹುಡುಗರಿಗೂ ಇತ್ತು. ಆಸೆಯನ್ನು ದಡ ಸೇರಿಸಿದ್ದು ಸಂಜೆಯ ಗಂಟೆ, ಹಾಜರಿ ಪುಸ್ತಕ, ‘ನಿನ್ನೆ ಯಾಕೆ ಬರಲಿಲ್ಲ’ ಎಂದು ಕೇಳುವ ಮಾಸ್ತರು. ಹುಡುಗನನ್ನು ಹೊತ್ತಿಗೆ ಸರಿಯಾಗಿ ಬಿಟ್ಟುಕೊಟ್ಟ ಹೋಟೆಲು ಯಜಮಾನರ ಪಾಲೂ ಅದರಲ್ಲಿದೆ. ನಮ್ಮ ಅಪ್ಪಯ್ಯ ಎರಡು ವರ್ಷ ಹೋಗಿ ಬಿಟ್ಟವರು. “ಯಾರಾದ್ರೂ ಕೇಂಡಿದ್ರೆ ಬಿಡ್ತಿರಲಿಲ್ಲ” ಎಂದು ಈಗಲೂ ಹೇಳುತ್ತಾರೆ.

ಸಂಬಳಕ್ಕೆ ದುಡಿಯುವವರಿಗೆ ಮೇಲಧಿಕಾರಿ ಕೇಳುತ್ತಾನೆ. ನಮಗೆ ಗ್ರಾಹಕರು ಅವರ ಕೆಲಸದ ಬಗ್ಗೆ ಮಾತ್ರ ಕೇಳುತ್ತಾರೆ. ನಮ್ಮ ಗುರಿಯ ಬಗ್ಗೆ ಕೇಳುವವರು ಯಾರೂ ಇಲ್ಲ. ಆ ಕಚೇರಿಯ ಆರ್ಡರು ಪಡೆದ ಮಿತ್ರರೊಂದಿಗೆ ನಾವೊಂದು ಒಪ್ಪಂದ ಮಾಡಿಕೊಂಡೆವು. ಅವರಿಗೆ ತೂಕ ಇಳಿಸಬೇಕಿತ್ತು, ಸಕ್ಕರೆ ಹತೋಟಿಗೆ ಬರಬೇಕಿತ್ತು. ಪ್ರತಿ ತಿಂಗಳು ಸಂಘದ ಸಭೆಗೆ ಬಂದಾಗ ಅವರು ನಮ್ಮ ಪಾಸ್‌ಬುಕ್ ನೋಡುತ್ತಾರೆ, ನಾವು ಅವರ ರಕ್ತ ಪರೀಕ್ಷೆಯ ಚೀಟಿ ನೋಡುತ್ತೇವೆ. ಉಪದೇಶ ಮಾಡುವುದಿಲ್ಲ, ಕೇಳುತ್ತೇವೆ ಅಷ್ಟೆ. ಸ್ವಂತ ಹೆಂಡತಿ ಮಕ್ಕಳು ಕೇಳಿದರೆ ರೇಗುವ ನಾವು ಸಮಾನ ದಂಧೆಯವನು ಕೇಳಿದರೆ ಉತ್ತರ ಕೊಡುತ್ತೇವೆ. ಮುಹೂರ್ತದ ಮುನ್ನಾದಿನ ರಾತ್ರಿ ಎರಡು ಗಂಟೆಗೆ ಬೂಂದಿ ಕರಿಯುತ್ತ ನಿಲ್ಲುವ ಕಷ್ಟ ಅವರಿಗೂ ಗೊತ್ತು, ಹಾಗಾಗಿ ನೆಪ ಅವರೆದುರು ನಡೆಯುವುದಿಲ್ಲ.

ದಾರಿ ತಪ್ಪಿದ ವರ್ಷ

ನಮ್ಮ ಎರಡನೆಯ ಗುರಿ ಅಡುಗೆಗೆ ಒಂದು ಬೇರೆ ಗಾಳಾ. ಮನೆಯ ಹಿಂದಿನ ಇಕ್ಕಟ್ಟಿನಲ್ಲಿ ಹೆಂಗಸರು ಮಕ್ಕಳ ನಡುವೆ ಎಷ್ಟು ದಿನ ನಡೆಸುವುದು? ಡಿಪಾಸಿಟಿಗೆ ಎರಡೂವರೆ ಲಕ್ಷ ಬೇಕು, 2020ರ ವಿಜಯದಶಮಿಗೆ ಒಲೆ ಹೊತ್ತಿಸಬೇಕು ಎಂದು ಬರೆದೆವು. 2020ರ ಮಾರ್ಚ್ ಹೊತ್ತಿಗೆ ಎಲೆಯ ಖಾತೆಯಲ್ಲಿ ಒಂದು ಲಕ್ಷದ ಹತ್ತು ಸಾವಿರ ಸೇರಿತ್ತು. 25ರಂದು ಲಾಕ್‌ಡೌನ್ ಬಂತು. ಮುಂಗಡ ಕೊಟ್ಟವರು ವಾಪಸು ಕೇಳಿದರು. ಊರಿಗೆ ಹೋಗಲಾಗದ ಎಂಟು ಮಂದಿ ಕೆಲಸಗಾರರು ನಮ್ಮಲ್ಲೇ ಉಳಿದರು. ಮತ್ತೆ ಮದುವೆಗೆ ಅನುಮತಿ ಸಿಕ್ಕಿದಾಗ ಐವತ್ತೇ ಜನ. ವಿಜಯದಶಮಿಯ ದಿನ ನೋಡಿದರೆ ಖಾತೆಯಲ್ಲಿ ಎಂಟು ಸಾವಿರ ಇತ್ತು.

ಆ ದಿನ ಡೈರಿಯ ಪುಟ ಹರಿದುಹಾಕಬೇಕೆನಿಸಿತು. ಅಪ್ಪಯ್ಯ ತಡೆದು, “ಮದುವೆ ಮುಂದೆ ಹೋದ್ರೆ ಆರ್ಡರ್ ಕ್ಯಾನ್ಸಲ್ ಅಂತ ಬರೀತ್ರಾ? ಹೊಸ ತಾರೀಕು ಬರೀನಿ” ಎಂದರು. ಅವರು ಹೇಳಿದ್ದು ಸರಿಯೇ ಆಗಿತ್ತು. ಆ ವರ್ಷ ಎಷ್ಟೋ ಗ್ರಾಹಕರ ಮದುವೆಯ ದಿನವನ್ನು ನಾವೇ ಅಳಿಸಿ ಬೇರೆ ದಿನಕ್ಕೆ ಬರೆದಿದ್ದೆವು.

ಆಗ ಅವರು ಹೇಳಿದ್ದು ತಮ್ಮೂರ ಕಡೆಯ ಮಯ್ಯರ ಕಥೆ. ಕೋಟದ ಹತ್ತಿರದ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಹೋಟೆಲೇ ಮುಂದೆ ಎಂಟಿಆರ್ ಎಂದು ಹೆಸರಾದದ್ದು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದು, ಪಾತ್ರೆಗಳನ್ನು ಕುದಿಹಬೆಯಲ್ಲಿ ಶುದ್ಧ ಮಾಡುವಂಥ ಶಿಸ್ತನ್ನು ತಮ್ಮ ಅಡುಗೆಮನೆಗೆ ತಂದರು. 1975ರಲ್ಲಿ ತುರ್ತುಪರಿಸ್ಥಿತಿ ಬಂದು, ಹೋಟೆಲು ತಿಂಡಿಗಳಿಗೆ ಸರ್ಕಾರ ಕಡಿಮೆ ಬೆಲೆ ಗೊತ್ತು ಮಾಡಿದಾಗ, ಆ ಬೆಲೆಗೂ ಗುಣಮಟ್ಟ ಇಳಿಸದೆ ನಡೆಸಿ, ದಿನದ ನಷ್ಟವನ್ನು ಹೊರಗೆ ಬೋರ್ಡಿನಲ್ಲಿ ಬರೆದು ಹಾಕುತ್ತಿದ್ದರಂತೆ. ಕೊನೆಗೆ ಹೋಟೆಲು ಮುಚ್ಚಬೇಕಾಯಿತು. ಕೆಲಸಗಾರರನ್ನು ಬಿಡಲಿಲ್ಲ. ಹುಡಿಗಳು, ರವೆ ಇಡ್ಲಿಯಂಥವುಗಳ ಸಿದ್ಧ ಮಿಶ್ರಣ ಮಾಡಿ ಪೊಟ್ಟಣ ಕಟ್ಟಿ ಮಾರುವ ಕಡೆಗೆ ತಿರುಗಿದರು. ಕೆಲವು ವರ್ಷಗಳ ನಂತರ ಹೋಟೆಲೂ ಮತ್ತೆ ತೆರೆಯಿತು. ರುಚಿ ಮತ್ತು ಶುಚಿ ಬಿಡುವುದಿಲ್ಲ ಎಂಬ ನಿರ್ಧಾರ ಹಾಗೆಯೇ ಇತ್ತು, ಅಲ್ಲಿಗೆ ಹೋಗುವ ದಾರಿ ಮಾತ್ರ ಬದಲಾಯಿತು.

ನಾವು ಅಷ್ಟು ದೊಡ್ಡವರಲ್ಲ. ನಮ್ಮ ಸುತ್ತಮುತ್ತಲ ಕಟ್ಟಡಗಳಲ್ಲಿ ಒಂಟಿಯಾಗಿದ್ದ ಹಿರಿಯರ ಮನೆಗೆ ಡಬ್ಬಿ ಊಟ ಕೊಟ್ಟು ಆ ಕಾಲ ಕಳೆದೆವು. 2021ರ ತುಳಸಿ ವಿವಾಹದ ನಂತರ ದಂಧೆ ಮತ್ತೆ ಕೈಗೆ ಹತ್ತಿದಾಗ ಎಲೆಗೆ ಐದರ ಬದಲು ಎಂಟು ರೂಪಾಯಿ ತೆಗೆದಿಟ್ಟೆವು. 2023ರ ಅಕ್ಷಯ ತೃತೀಯದಂದು ಗಾಳಾದಲ್ಲಿ ಹಾಲು ಉಕ್ಕಿಸಿದೆವು. ಡಿಪಾಸಿಟಿನಲ್ಲಿ ಒಂದೂವರೆ ಲಕ್ಷ ನಮ್ಮ ಎಲೆಗಳದ್ದು, ಒಂದು ಲಕ್ಷ ಕ್ರೆಡಿಟ್ ಸೊಸೈಟಿಯ ಸಾಲ. ಬರೆದ ದಿನಕ್ಕಿಂತ ಎರಡೂವರೆ ವರ್ಷ ತಡ. ಅಪ್ಪಯ್ಯನ ಕಣ್ಣಿಗೂ ಅಷ್ಟೇ ತಡವಾಗಿತ್ತು. ಆದರೆ ಆಗ ನಾವು ದಿನವನ್ನೇ ಬರೆದಿರಲಿಲ್ಲ, ಈ ಸಲ ಹಳೆಯ ದಿನ ಅಳಿಸಿ ಹೊಸ ದಿನ ಬರೆಯುತ್ತ ಬಂದಿದ್ದೆವು.

ಕೊನೆಗೊಂದು ವಿನಂತಿ

ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಮುಂದಿನ ಸಭೆಗೆ ಬರುವಾಗ ನಿಮ್ಮ ಡೈರಿ ತನ್ನಿ. ಮುಂದಿನ ಬಿಡುವಿನ ತಿಂಗಳಲ್ಲಿ ಒಂದು ದಿನ ಆರಿಸ ಅಲ್ಲಿ ಗ್ರಾಹಕರ ಹೆಸರಿನ ಜಾಗದಲ್ಲಿ ನಿಮ್ಮ ಹೆಸರು ಬರೆಯಿರಿ. ಮಂಡಿ ನೋವಿನ ತಪಾಸಣೆಯಾಗಲಿ, ಬಡ್ಡಿ ಸಾಲದ ಕೊನೆಯ ಕಂತಾಗಲಿ, ಮಗಳ ಕಾಲೇಜಿನ ಫೀಸಾಗಲಿ, ಊರಿನ ತಾಯಿಯೊಂದಿಗೆ ಹತ್ತು ದಿನವಾಗಲಿ, ಒಂದನ್ನು ಬರೆಯಿರಿ. ಅಳತೆ ಬರೆಯಿರಿ, ಮಾಡಬೇಕಾದ ಕೆಲಸಗಳ ಪಟ್ಟಿ ಬರೆಯಿರಿ, ಏನಾದರೂ ಒಂದು ಮುಂಗಡ ಕೊಟ್ಟುಬಿಡಿ. ಪಕ್ಕದಲ್ಲಿ ಕೂತ ಸದಸ್ಯರಿಗೆ ತೋರಿಸಿ, ತಿಂಗಳಿಗೊಮ್ಮೆ ಕೇಳಲು ಹೇಳಿ. ಇದಕ್ಕೆ ಸಂಘದ ನಿರ್ಣಯ ಬೇಕಿಲ್ಲ, ಖರ್ಚೂ ಇಲ್ಲ.

ಅಪ್ಪಯ್ಯ ಈಗಲೂ ವಾರಕ್ಕೆರಡು ಸಲ ಗಾಳಾಕ್ಕೆ ಬರುತ್ತಾರೆ. ಒಲೆಯ ಹತ್ತಿರ ಹೋಗುವುದಿಲ್ಲ. ಅಂದಿನ ಸಹಾಯಕ ಹುಡುಗ ಇಂದು ನಮ್ಮ ಮುಖ್ಯ ಅಡುಗೆಯವ, ಅವನ ಕೈಕೆಳಗೆ ಇಬ್ಬರಿದ್ದಾರೆ. ಅಪ್ಪಯ್ಯ ಕುರ್ಚಿಯಲ್ಲಿ ಕೂತು ಸಾರಿನ ಬಣ್ಣ ನೋಡುತ್ತಾರೆ, ಬಾಲ್ದಿ ಎಲ್ಲಿಟ್ಟಿದ್ದಾರೆಂದು ನೋಡುತ್ತಾರೆ. ಯಾರಾದರೂ ಯಾವುದಾದರೂ ಕೆಲಸಕ್ಕೆ ‘ಕಾಂಬ’ ಎಂದರೆ ಸಾಕು, “ಯಾವತ್ತು ಕಾಂಬುದು? ತಾರೀಕು ಹೇಳ್” ಎಂದು ಕೇಳುತ್ತಾರೆ.